ಏಳು ತಿಂಗಳಿಗೆ ಹುಟ್ಟಿದ ಮಗುವಿನ ಮಿದುಳು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ತಾಯಂದಿರು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ಶಿಕ್ಷಕಿಯರು ಸೇರಿದ್ದ ಸಭೆಯಲ್ಲಿ ನವಜಾತ ಶಿಶುಗಳ ವೈದ್ಯೆಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಏಳನೇ ತಿಂಗಳಲ್ಲಿ ಬಸುರಿಗೆ ಹೂ ಮುಡಿಸುತ್ತೇವೆ. ಬಳೆ ತೊಡಿಸಿ, ಬಯಕೆಯ ಊಟ ಬಡಿಸಿ, ತವರಿಗೆ ಕಳಿಸುತ್ತೇವೆ. ಆ ದಿನ ಹೊಟ್ಟೆಯೊಳಗಿರುವ ಮಗುವಿಗೆ ಹೆಚ್ಚುಕಡಿಮೆ 28 ವಾರ, ತೂಕ ಒಂದು ಕಿಲೋದ ಆಸುಪಾಸು. ನಾನು ಇಂದು ಮಾತಾಡಲು ಬಂದಿರುವುದು ಆ ಹೊತ್ತಿಗೇ, ಕೆಲವೊಮ್ಮೆ ಅದಕ್ಕೂ ಮೊದಲೇ ಹುಟ್ಟಿಬಿಡುವ ಮಕ್ಕಳ ಬಗ್ಗೆ. ಮಗು ಉಳಿಯಿತೇ ಎಂದು ಎಲ್ಲರೂ ಕೇಳುತ್ತಾರೆ. ಉಳಿದ ಮಗುವಿನ ಮಿದುಳು ಹೊಟ್ಟೆಯೊಳಗೆ ಬೆಳೆಯಬೇಕಾಗಿದ್ದಷ್ಟನ್ನು ಇನ್ನು ಎಲ್ಲಿ ಬೆಳೆಯುತ್ತದೆ, ಯಾರ ಕೈಯಲ್ಲಿ ಬೆಳೆಯುತ್ತದೆ ಎಂದು ಕೇಳುವವರು ಕಡಿಮೆ. ನನಗೆ ಹೇಳಬೇಕಾಗಿರುವುದು ಅದನ್ನೇ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. 37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಪೂರ್ವ ಜನನ. 32 ವಾರಕ್ಕಿಂತ ಮೊದಲಾದರೆ ಬಹಳ ಬೇಗ, 28 ವಾರಕ್ಕಿಂತ ಮೊದಲಾದರೆ ತೀರಾ ಬೇಗ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ 1 ಕೋಟಿ 34 ಲಕ್ಷ ಮಕ್ಕಳು ಅವಧಿಗೆ ಮೊದಲೇ ಹುಟ್ಟಿದರು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ನಮ್ಮ ದೇಶದವರು. ಬೇರೆ ಯಾವ ದೇಶದಲ್ಲೂ ಇಷ್ಟು ಮಂದಿ ಇಲ್ಲ.

ಇನ್ನೊಂದು ಮಾತನ್ನೂ ಮೊದಲೇ ತೆಗೆದುಹಾಕೋಣ. ಏಳಕ್ಕೆ ಹುಟ್ಟಿದ್ದು ಬದುಕುತ್ತದೆ, ಎಂಟಕ್ಕೆ ಹುಟ್ಟಿದ್ದು ಬದುಕುವುದಿಲ್ಲ ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರುತ್ತೀರಿ. ಅದು ನಿಜವಲ್ಲ. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಎಂಟನೇ ತಿಂಗಳ ಮಗು ಏಳನೇ ತಿಂಗಳ ಮಗುವಿಗಿಂತ ಗಟ್ಟಿ. ಈ ನಂಬಿಕೆಯಿಂದಾಗಿ ಎಂಟು ತಿಂಗಳಲ್ಲಿ ನೋವು ಕಾಣಿಸಿಕೊಂಡವಳ ಮನೆಯಲ್ಲಿ ಕೈಚೆಲ್ಲಿ ಕೂರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈಗ ಮಿದುಳಿನ ವಿಷಯ. 24 ವಾರದ ಮಗುವಿನ ಮಿದುಳಿನ ಚಿತ್ರ ನೋಡಿದರೆ ಸಿಪ್ಪೆ ಸುಲಿದ ಹಲಸಿನ ಬೀಜದ ಹಾಗೆ ನುಣುಪಾಗಿ ಕಾಣುತ್ತದೆ. ದಿನ ತುಂಬಿದ ಮಗುವಿನ ಮಿದುಳಿನಲ್ಲಿ ನಾವು ಕಾಣುವ ಆ ಮಡಿಕೆಗಳು, ಸುಕ್ಕುಗಳು ಬಹುಪಾಲು ಆಮೇಲಿನವು. ನರಕೋಶಗಳೇನೋ ಹೆಚ್ಚಿನವು ಅಷ್ಟರಲ್ಲಿ ಹುಟ್ಟಿಬಿಟ್ಟಿರುತ್ತವೆ. ಆದರೆ ಅವು ಒಂದಕ್ಕೊಂದು ಕೂಡಿಕೊಳ್ಳುವ ಕೆಲಸ ಆಗಿರುವುದಿಲ್ಲ. ಕೊನೆಯ ಹತ್ತು ಹನ್ನೆರಡು ವಾರಗಳಲ್ಲಿ ಮಿದುಳಿನ ಹೊರಪದರದ ಗಾತ್ರ ಸುಮಾರು ನಾಲ್ಕು ಪಟ್ಟು ಆಗುತ್ತದೆ. ಹಿಂಬದಿಯಲ್ಲಿರುವ ಕಿರುಮಿದುಳು ಉಳಿದೆಲ್ಲ ಭಾಗಗಳಿಗಿಂತ ವೇಗವಾಗಿ ಹಿಗ್ಗುತ್ತದೆ. 34 ವಾರದಲ್ಲೂ ಮಿದುಳಿನ ತೂಕ ದಿನ ತುಂಬಿದಾಗಿನ ತೂಕದ ಮೂರನೇ ಎರಡು ಪಾಲಿನಷ್ಟೇ. ಅಂದರೆ ಎಂಟನೇ ತಿಂಗಳು ದಾಟಿದ, ಹೊರಗಿನಿಂದ ಎಲ್ಲ ಸರಿ ಇರುವಂತೆ ಕಾಣುವ ಮಗುವಿನಲ್ಲೂ ಮೂರನೇ ಒಂದು ಪಾಲು ಕೆಲಸ ಬಾಕಿ ಇದೆ. ದಿನ ತುಂಬುವ ಮೊದಲು ಸಿಸೇರಿಯನ್ನಿಗೆ ಒಳ್ಳೆಯ ದಿನ, ಒಳ್ಳೆಯ ನಕ್ಷತ್ರ ಹುಡುಕಿಕೊಂಡು ಬರುವವರು ಇದನ್ನೊಮ್ಮೆ ನೆನೆಯಬೇಕು.

ಬಹಳ ಬೇಗ ಹುಟ್ಟಿದ ಮಗುವಿನ ಮಿದುಳಿಗೆ ಎರಡು ಕಡೆಯಿಂದ ಪೆಟ್ಟು ಬೀಳಬಹುದು. ಒಂದು, ರಕ್ತಸ್ರಾವ. ಮಿದುಳಿನ ನಡುವೆ ನೀರು ತುಂಬಿದ ಕುಹರಗಳಿವೆ. ಅವುಗಳ ಅಂಚಿನಲ್ಲಿ ಹೊಸ ಕೋಶಗಳು ಹುಟ್ಟುವ ಒಂದು ಪದರ ಇರುತ್ತದೆ. ಅದರ ರಕ್ತನಾಳಗಳು ಬಹಳ ತೆಳು. 34 ವಾರದ ಹೊತ್ತಿಗೆ ಆ ಪದರವೇ ಕರಗಿ ಹೋಗುವುದರಿಂದ ದಿನ ತುಂಬಿದ ಮಗುವಿಗೆ ಈ ಅಪಾಯ ಅಪರೂಪ. 27-28 ವಾರದ ಮಗುವಿಗೆ ಮಾತ್ರ ಉಸಿರು ಸ್ವಲ್ಪ ಏರುಪೇರಾದರೂ, ರಕ್ತದೊತ್ತಡ ಒಮ್ಮೆ ಏರಿ ಇಳಿದರೂ ನಾಳ ಒಡೆಯಬಹುದು. ಅದು ಆಗುವುದಿದ್ದರೆ ಹೆಚ್ಚಾಗಿ ಮೊದಲ ಮೂರು ದಿನಗಳಲ್ಲೇ. ಅದಕ್ಕೇ ಆ ಮೂರು ದಿನ ನಾವು ಮಗುವನ್ನು ಬೇಕಾಬಿಟ್ಟಿ ಮುಟ್ಟಲು ಬಿಡುವುದಿಲ್ಲ, ತಲೆಯನ್ನು ನೇರವಾಗಿ ಇಡುತ್ತೇವೆ. ನೆತ್ತಿಯ ಮೆತ್ತಗಿನ ಜಾಗದ ಮೇಲೆ ಸ್ಕ್ಯಾನಿನ ಸಣ್ಣ ಉಪಕರಣ ಇಟ್ಟು ಒಳಗೆ ನೋಡುತ್ತೇವೆ. ನೋವಿಲ್ಲ, ಮಗುವನ್ನು ಎಲ್ಲಿಗೂ ಒಯ್ಯಬೇಕಾಗಿಲ್ಲ.

ಇನ್ನೊಂದು ಪೆಟ್ಟು ಸದ್ದಿಲ್ಲದೆ ಬೀಳುವಂಥದು. ನರತಂತುಗಳಿಗೆ ಕೊಬ್ಬಿನ ಹೊದಿಕೆ ಹೊದಿಸಬೇಕಾದ ಕೋಶಗಳು ಈ ವಾರಗಳಲ್ಲಿ ಇನ್ನೂ ಎಳೆಯವು. ರಕ್ತ, ಆಮ್ಲಜನಕ ಕಡಿಮೆಯಾದರೂ, ಸೋಂಕು ತಗಲಿದರೂ ಮೊದಲು ಸಾಯುವುದು ಅವು. ಹೆಚ್ಚು ಸತ್ತರೆ ಕುಹರದ ಸುತ್ತ ತೂತುಗಳೇ ಬೀಳುತ್ತವೆ. ಕಾಲಿನ ಸ್ನಾಯುಗಳಿಗೆ ಹೋಗುವ ತಂತುಗಳು ಅಲ್ಲಿಂದಲೇ ಹಾದುಹೋಗುವುದರಿಂದ ಇಂಥ ಮಕ್ಕಳ ಕಾಲು ಬಿಗಿಯುತ್ತದೆ. ಸ್ವಲ್ಪ ಸತ್ತರೆ ಸ್ಕ್ಯಾನಿನಲ್ಲಿ ಏನೂ ಕಾಣದು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಗಮನ ನಿಲ್ಲದೆ, ಲೆಕ್ಕ ಹತ್ತದೆ ಇರುವುದರ ಬೇರು ಅಲ್ಲಿರಬಹುದು.

ಇಲ್ಲಿ ಒಂದು ಮಾತು, ನಮ್ಮ ಊರಿನ ಮಟ್ಟಿಗೆ ಹೇಳಲೇಬೇಕಾದದ್ದು. ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನಿನ ಕತೆ ಅನುಭವಿಸಿದ ನೆಲ ಇದು. ಪಡ್ರೆ, ಎಣ್ಮಕಜೆಯ ಕಡೆಯ ಮಕ್ಕಳ ದೊಡ್ಡ ತಲೆಯ ಫೋಟೋಗಳನ್ನು ದೇಶವೇ ನೋಡಿದೆ. ಹಾಗಾಗಿ ಮಗುವಿನ ತಲೆ ದೊಡ್ಡದಾಗುತ್ತಿದೆ ಎಂದರೆ ನಮ್ಮವರ ಎದೆ ಝಲ್ ಎನ್ನುತ್ತದೆ. ಕೆಲವರು ಹೆದರಿ ಯಾರಿಗೂ ಹೇಳದೆ ಇದ್ದುಬಿಡುತ್ತಾರೆ. ಬೇಗ ಹುಟ್ಟಿದ ಮಗುವಿನಲ್ಲಿ ಒಳಗೆ ರಕ್ತ ಸೋರಿದ ಮೇಲೆ ಕುಹರದ ನೀರು ಹರಿಯುವ ದಾರಿ ಕಟ್ಟಿಕೊಂಡು ತಲೆ ಹಿಗ್ಗಬಹುದು. ಅದಕ್ಕೆ ಚಿಕಿತ್ಸೆ ಇದೆ, ನೀರನ್ನು ಬೇರೆ ದಾರಿಗೆ ಹರಿಸುವ ಶಸ್ತ್ರಚಿಕಿತ್ಸೆ ಇದೆ. ತಡಮಾಡಿದಷ್ಟೂ ಮಿದುಳು ಒತ್ತಿಹೋಗುತ್ತದೆ. ಆಶಾ ಅಕ್ಕಂದಿರ ಚೀಲದಲ್ಲಿ ಒಂದು ಅಳತೆ ಟೇಪು ಇದ್ದರೆ ಸಾಕು. ಹುಬ್ಬಿನ ಮೇಲಿಂದ, ಹಿಂದಲೆಯ ಉಬ್ಬನ್ನು ಬಳಸಿ ಸುತ್ತಿ, ಬಂದ ಅಳತೆಯನ್ನು ತಾರೀಕಿನ ಸಮೇತ ಬರೆದಿಡಿ. 28 ವಾರಕ್ಕೆ 25-26 ಸೆಂಟಿಮೀಟರ್ ಇರುವ ತಲೆ 40 ವಾರಕ್ಕೆ 34-35 ಆಗಬೇಕು. ವಾರಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತಿದ್ದರೆ ಮಿದುಳು ಬೆಳೆಯುತ್ತಿದೆ ಎಂದು ಧೈರ್ಯ. ಅದಕ್ಕಿಂತ ತುಂಬ ಹೆಚ್ಚಾದರೂ, ಬೆಳವಣಿಗೆ ನಿಂತರೂ ತೋರಿಸಬೇಕು.

ಈ ಪೆಟ್ಟುಗಳನ್ನು ತಪ್ಪಿಸುವ ಕೆಲಸ ಹೆರಿಗೆಗೆ ಮೊದಲೇ ಶುರುವಾಗಬೇಕು. 34 ವಾರದೊಳಗೆ ನೋವು ಕಾಣಿಸಿಕೊಂಡ ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಮಗುವಿನ ಶ್ವಾಸಕೋಶವನ್ನು ಬಲಿಸುತ್ತದೆ, ಮಿದುಳಿನ ರಕ್ತಸ್ರಾವವನ್ನೂ ಕಡಿಮೆ ಮಾಡುತ್ತದೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲೇ ಇದನ್ನು ತೋರಿಸಿಕೊಟ್ಟರು. ನಮ್ಮಲ್ಲಿ ಬಳಸುವುದು ಡೆಕ್ಸಾಮೆಥಾಸೋನ್, 12 ಗಂಟೆಗೊಂದರಂತೆ ನಾಲ್ಕು ಡೋಸ್. ಬೆಲೆ ಬಹಳ ಕಡಿಮೆ. 32 ವಾರದೊಳಗಾದರೆ ಮೆಗ್ನೀಸಿಯಮ್ ಸಲ್ಫೇಟ್ ಕೂಡ ಕೊಡುತ್ತಾರೆ, ಮಿದುಳಿಗೆ ಬಿದ್ದ ಪೆಟ್ಟಿನಿಂದ ಕೈಕಾಲಿನ ಚಲನೆ ಕೆಡುವ ಸೆರೆಬ್ರಲ್ ಪಾಲ್ಸಿಯ ಅಪಾಯ ತಗ್ಗಲಿ ಎಂದು. ಇವೆಲ್ಲ ಆಗಬೇಕಾದರೆ ತಾಯಿ ಬೇಗ ಬರಬೇಕು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಎಣ್ಮಕಜೆ, ಬೆಳ್ಳೂರಿನ ಒಳದಾರಿಗಳಿಂದ ಹೊರಟರೆ ಮಳೆಗಾಲದಲ್ಲಿ ಆ ಹೊತ್ತೇ ಬೇರೆ. ಒಂದು ಕಿಲೋದ ಮಗುವನ್ನು ಹುಟ್ಟಿದ ಮೇಲೆ ಆಂಬುಲೆನ್ಸಿನಲ್ಲಿ ಒಯ್ಯುವುದಕ್ಕಿಂತ, ಹುಟ್ಟುವ ಮೊದಲು ತಾಯಿಯ ಹೊಟ್ಟೆಯಲ್ಲೇ ಒಯ್ಯುವುದು ಮಿದುಳಿಗೆ ಎಷ್ಟೋ ಕ್ಷೇಮ. ದಾರಿಯ ಕುಲುಕಾಟ, ಚಳಿ, ಏರಿಳಿಯುವ ಆಮ್ಲಜನಕ, ಎಲ್ಲವೂ ಬೀಳುವುದು ಆ ಮೊದಲ ಗಂಟೆಗಳಲ್ಲೇ. 2020ರ ಮಾರ್ಚಿನಲ್ಲಿ, ಕೊರೊನಾ ಕಾಲಕ್ಕೆ, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಈ ದಾರಿ ನಮಗೆ ಎಷ್ಟು ಮುಖ್ಯ ಎಂಬುದು ನಿಮಗೆಲ್ಲ ಗೊತ್ತಾಯಿತು.

ಮಗು ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಸೇರಿತು ಎನ್ನಿ. ಉಸಿರು ಮರೆಯುವ ಮಕ್ಕಳಿಗೆ ನಾವು ಕೆಫೀನ್ ಕೊಡುತ್ತೇವೆ, ಕಾಫಿಯಲ್ಲಿರುವ ಅದೇ ಕೆಫೀನ್. ಕೆನಡಾದವರ ಮುಂದಾಳತ್ವದ ದೊಡ್ಡ ಅಧ್ಯಯನವೊಂದು 2007ರಲ್ಲಿ ಹೇಳಿದ್ದು ಇದು: ಕೆಫೀನ್ ಪಡೆದ ಮಕ್ಕಳಲ್ಲಿ ಒಂದೂವರೆ ವರ್ಷ ದಾಟಿದಾಗ ಸೆರೆಬ್ರಲ್ ಪಾಲ್ಸಿ ಕಡಿಮೆ ಇತ್ತು. ಔಷಧಿಗಳ ವಿಷಯ ಇಷ್ಟು ಸಾಕು. ತಾಯಿ ಮಾಡುವ ಕೆಲಸದ ಬಗ್ಗೆ ನಾನು ಹೆಚ್ಚು ಹೇಳಬೇಕು.

1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಇನ್‌ಕ್ಯುಬೇಟರ್ ಸಾಲದೆ ಬಂದಾಗ, ಮಕ್ಕಳನ್ನು ತಾಯಂದಿರ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಕಟ್ಟಲು ಶುರುಮಾಡಿದರು. ಅದೇ ಇಂದಿನ ಕಾಂಗರೂ ಆರೈಕೆ. 2021ರಲ್ಲಿ ಭಾರತವೂ ಸೇರಿ ಐದು ದೇಶಗಳ ಅಧ್ಯಯನ ಪ್ರಕಟವಾಯಿತು. ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದರೆ ಮೊದಲ 28 ದಿನಗಳ ಸಾವು ನಾಲ್ಕನೇ ಒಂದರಷ್ಟು ಇಳಿಯುತ್ತದೆ ಎಂದು ಅದು ತೋರಿಸಿತು. ಇದನ್ನು ಬಡವರ ಇನ್‌ಕ್ಯುಬೇಟರ್ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಷ್ಟು ದುಡ್ಡಿದ್ದರೂ ಕೊಳ್ಳಲಾಗದ ಚಿಕಿತ್ಸೆ ಇದು.

ಅದು ಹೇಗಿರುತ್ತದೆ ಎಂದು ಹೇಳುತ್ತೇನೆ. 1,100 ಗ್ರಾಮಿನ ಮಗು. ಡೈಪರ್ ತೊಡಿಸಿದರೆ ಹೊಟ್ಟೆಯವರೆಗೂ ಬರುತ್ತದೆ. ಮೂಗಿನಲ್ಲಿ ನಳಿಕೆ, ಪಾದಕ್ಕೆ ಕೆಂಪು ಬೆಳಕಿನ ಪಟ್ಟಿ. ಒರಗು ಕುರ್ಚಿಯಲ್ಲಿ ತಾಯಿ. ಸಿಸ್ಟರ್ ಮಗುವನ್ನು ಕಪ್ಪೆಯ ಭಂಗಿಯಲ್ಲಿ ತಾಯಿಯ ಎರಡು ಮೊಲೆಗಳ ನಡುವೆ ಇಟ್ಟು, ಕೆನ್ನೆಯನ್ನು ಒಂದು ಬದಿಗೆ ತಿರುಗಿಸಿ, ಬಟ್ಟೆ ಕಟ್ಟುತ್ತಾರೆ. ಮೊದಲ ಐದು ನಿಮಿಷ ಮಾನಿಟರಿನ ಅಂಕಿ ಮೇಲೆ ಕೆಳಗೆ ಆಡುತ್ತದೆ, ತಾಯಿ ಉಸಿರು ಬಿಗಿಹಿಡಿದಿರುತ್ತಾಳೆ. ಆಮೇಲೆ ಇಬ್ಬರ ಉಸಿರೂ ಇಳಿಯುತ್ತದೆ. ಶೇಕಡಾ 88ರಲ್ಲಿ ತೂಗುತ್ತಿದ್ದ ರಕ್ತದ ಆಮ್ಲಜನಕ 93ರಲ್ಲಿ ನಿಲ್ಲುತ್ತದೆ. "ಮಾತಾಡಮ್ಮ" ಎಂದರೆ ಹೆಚ್ಚಿನವರು ನಾಚುತ್ತಾರೆ. "ಏನಂತ ಮಾತಾಡ್ಲಿ ಡಾಕ್ಟ್ರೇ, ಇದಕ್ಕೆ ಗೊತ್ತಾಗ್ತದಾ?" ಎನ್ನುತ್ತಾರೆ.

ಗೊತ್ತಾಗುತ್ತದೆ. ಕಿವಿ 25ನೇ ವಾರದ ಹೊತ್ತಿಗೆ ಕೇಳತೊಡಗುತ್ತದೆ. ಹೊಟ್ಟೆಯೊಳಗಿದ್ದರೆ ಕೇಳುತ್ತಿದ್ದದ್ದು ತಾಯಿಯ ದನಿ, ತಾಯಿಯ ಎದೆಬಡಿತ. ಹೊರಗೆ ಬಂದ ಮೇಲೆ ಕೇಳುವುದು ಅಲಾರಾಂ ಸದ್ದು. ಬಾಸ್ಟನ್‌ನಲ್ಲಿ ಮಾಡಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 25ರಿಂದ 32 ವಾರದ ನಡುವೆ ಹುಟ್ಟಿದ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ತಾಯಿಯ ದನಿ, ಎದೆಬಡಿತದ ಧ್ವನಿಮುದ್ರಣ ಕೇಳಿಸಿದರು. ಒಂದು ತಿಂಗಳಲ್ಲಿ ಆ ಮಕ್ಕಳ ಮಿದುಳಿನಲ್ಲಿ ಶಬ್ದ ಗ್ರಹಿಸುವ ಭಾಗ ಉಳಿದ ಮಕ್ಕಳಿಗಿಂತ ದಪ್ಪವಾಗಿತ್ತು. ಅಮೆರಿಕದ ರೋಡ್ ಐಲೆಂಡಿನ ಇನ್ನೊಂದು ತಂಡ, ಎನ್‌ಐಸಿಯುವಿನಲ್ಲಿ ಹೆಚ್ಚು ಮಾತು ಕೇಳಿದ ಮಕ್ಕಳು ಒಂದೂವರೆ ವರ್ಷದಲ್ಲಿ ಭಾಷೆಯಲ್ಲಿ ಮುಂದಿದ್ದುದನ್ನು ಗುರುತಿಸಿತು.

ಯಾವ ಭಾಷೆಯಲ್ಲಿ ಎಂದು ಇಲ್ಲಿಯವರು ಕೇಳದೆ ಇರುವುದಿಲ್ಲ. ಸಪ್ತಭಾಷೆಗಳ ನಾಡು ನಮ್ಮದು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಹವ್ಯಕರ ಮನೆಯಲ್ಲಿ ಇನ್ನೊಂದು, ಬ್ಯಾರಿಗಳ ಮನೆಯಲ್ಲಿ ಮತ್ತೊಂದು. ನಿಮ್ಮ ಬಾಯಲ್ಲಿ ತಡೆಯಿಲ್ಲದೆ ಬರುವ ಭಾಷೆಯಲ್ಲಿ ಮಾತಾಡಿ. ಮಗು ಇಂಗ್ಲಿಷ್ ಕಲಿಯಲಿ ಎಂದು ಬಾರದ ಇಂಗ್ಲಿಷಿನಲ್ಲಿ ನಾಲ್ಕು ಪದ ಹೇಳುವುದಕ್ಕಿಂತ ತುಳುವಿನಲ್ಲಿ ಮನೆಯ ಸುದ್ದಿಯನ್ನೆಲ್ಲ ಹೇಳುವುದು ಎಷ್ಟೋ ಮೇಲು. ಅಪ್ಪಂದಿರ ದನಿಯೂ ಬೇಕು. ಗಲ್ಫಿನಲ್ಲಿದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಲಿ, ಮೆಲ್ಲಗಿನ ದನಿಯಲ್ಲಿ ಕೇಳಿಸಿ.

ಎದೆಹಾಲಿನ ಮಹತ್ವ ನಿಮಗೆ ಹೇಳಿಕೊಡಬೇಕಾಗಿಲ್ಲ. ಇಷ್ಟು ಮಾತ್ರ ಸೇರಿಸುತ್ತೇನೆ: ಬೇಗ ಹುಟ್ಟಿದ ಮಗುವಿನ ಕರುಳು ಕೊಳೆಯುವ ಒಂದು ಭಯಂಕರ ಕಾಯಿಲೆ ಇದೆ, ಅದು ಮಿದುಳನ್ನೂ ಕೆಡಿಸುತ್ತದೆ. ತಾಯಿಹಾಲು ಅದನ್ನು ತಡೆಯುತ್ತದೆ. ಹಿಂಡಿ ತೆಗೆದ ಎರಡು ಮಿಲಿಲೀಟರ್ ಕೂಡ ಔಷಧಿಯೇ, ಇಷ್ಟೇ ಬಂತಲ್ಲ ಎಂದು ಚೆಲ್ಲಬೇಡಿ.

ಮನೆಗೆ ಬಂದ ಮೇಲೆ ಬಾಣಂತನದ ಸಡಗರ. ಅಜ್ಜಿಯಂದಿರ ಕೈಯ ಆರೈಕೆಯ ಮೇಲೆ ನನಗೆ ಗೌರವವಿದೆ, ಆದರೂ ಈ ಮಗುವಿಗೆ ಕೆಲವನ್ನು ಬಿಡಬೇಕು. ಮಾತು ಬೇಗ ಬರಲಿ ಎಂದು ಬಜೆ ತೇಯ್ದು ನಾಲಗೆಗೆ ಹಚ್ಚುವುದು, ಜೇನು ನೆಕ್ಕಿಸುವುದು ಬೇಡ. ಎಳೆ ಕರುಳಿಗೆ ಸೋಂಕು ಹೋಗುತ್ತದೆ. ಮಾತು ಬರುವುದು ಬಜೆಯಿಂದಲ್ಲ, ಮಾತಾಡಿಸುವುದರಿಂದ. ಹಂಡೆಯ ಬಿಸಿನೀರು ಹೊಯ್ದು ಮೀಯಿಸುವುದು, ತಲೆ ದುಂಡಗಾಗಲಿ ಎಂದು ಒತ್ತುವುದು, ಧೂಪದ ಹೊಗೆ ಹಿಡಿಸುವುದು, ಇವೂ ಬೇಡ. ಮಗು ಸ್ಥಿರವಾಗಿ ತೂಕ ಹೆಚ್ಚಿಸಿಕೊಳ್ಳುತ್ತಿದ್ದರೆ ಮೆಲ್ಲಗೆ ಎಣ್ಣೆ ಸವರುವುದಕ್ಕೆ ಅಡ್ಡಿಯಿಲ್ಲ. ಕಬ್ಬಿಣಾಂಶದ ಹನಿ ಮತ್ತು ವಿಟಮಿನ್ ಡಿ ತಪ್ಪಬಾರದು. ಕಬ್ಬಿಣ ಕಡಿಮೆಯಾದರೆ ಮೊದಲು ಸೊರಗುವುದರಲ್ಲಿ ಮಿದುಳೂ ಒಂದು.

ವಯಸ್ಸನ್ನು ಎಣಿಸುವ ರೀತಿ ಬದಲಾಗಬೇಕು. ಮೂರು ತಿಂಗಳು ಮೊದಲು ಹುಟ್ಟಿದ ಮಗುವಿಗೆ ಆರು ತಿಂಗಳಾದಾಗ, ಬೆಳವಣಿಗೆಯ ಲೆಕ್ಕದಲ್ಲಿ ಮೂರೇ ತಿಂಗಳು. ಇದನ್ನು ಸರಿಪಡಿಸಿದ ವಯಸ್ಸು ಎನ್ನುತ್ತೇವೆ, ಎರಡು ವರ್ಷದವರೆಗೆ ಹೀಗೆಯೇ ಲೆಕ್ಕ ಹಾಕಬೇಕು. ಲಸಿಕೆ ಮಾತ್ರ ಹುಟ್ಟಿದ ದಿನದ ಲೆಕ್ಕದಲ್ಲೇ. ಸರಿಪಡಿಸಿದ ವಯಸ್ಸಿಗೆ ಎರಡು ತಿಂಗಳಾದಾಗ ಮುಖ ನೋಡಿ ನಗಬೇಕು, ನಾಲ್ಕಾದಾಗ ಕತ್ತು ನಿಲ್ಲಬೇಕು. ನಾಲ್ಕು ತಿಂಗಳು ದಾಟಿದರೂ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಬಿಗಿದೇ ಇದ್ದರೆ, ಡೈಪರ್ ಹಾಕುವಾಗ ತೊಡೆ ಅಗಲಿಸಲು ಆಗದಷ್ಟು ಬಿಗಿ ಇದ್ದರೆ, ಒಂದು ವರ್ಷದೊಳಗೆ ಒಂದೇ ಕೈಯನ್ನು ಮುಂದೆ ಚಾಚುತ್ತಿದ್ದರೆ, ಆಮೇಲೆ ಸರಿಹೋಗುತ್ತದೆ ಎಂದು ಕಾಯಬೇಡಿ. ಒಂದೇ ಕೈ ಬಳಸುವ ಎಂಟು ತಿಂಗಳ ಮಗುವನ್ನು ಎಡಚ ಎಂದು ನಕ್ಕು ಮುದ್ದಾಡುತ್ತಾರೆ. ಇನ್ನೊಂದು ಕೈಗೆ ಬಲವಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಬೆಲೆಬಾಳುವ ತಿಂಗಳುಗಳು ಕಳೆದಿರುತ್ತವೆ. ಅಂಗನವಾಡಿಯವರಿಗೆ ಒಂದು ಸರಳ ಸಾಧನ ನಮ್ಮ ರಾಜ್ಯದಲ್ಲೇ ಸಿದ್ಧವಾಗಿದೆ. ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರಿನಲ್ಲಿ ರೂಪಿಸಿದ ಬೆಳವಣಿಗೆಯ ಪಟ್ಟಿ, ಎರಡು ವರ್ಷದವರೆಗಿನ ಮಕ್ಕಳಿಗೆ 17 ಅಂಶಗಳು. ಒಂದು ಪೆನ್ಸಿಲನ್ನು ಮಗುವಿನ ವಯಸ್ಸಿನ ಗೆರೆಯ ಮೇಲೆ ನೆಟ್ಟಗೆ ಇಟ್ಟರೆ ಯಾವುದು ತಡವಾಗಿದೆ ಎಂದು ಗೊತ್ತಾಗುತ್ತದೆ.

ಕಣ್ಣಿನ ಪರೀಕ್ಷೆ ಹುಟ್ಟಿದ ನಾಲ್ಕು ವಾರದೊಳಗೆ ಆಗಲೇಬೇಕು. ಅಕ್ಷಿಪಟದ ನಾಳಗಳು ಅಡ್ಡಾದಿಡ್ಡಿ ಬೆಳೆದು ಕಣ್ಣೇ ಹೋಗಬಹುದು, ಹೊತ್ತಿಗೆ ಸರಿಯಾಗಿ ಲೇಸರ್ ಮಾಡಿದರೆ ಉಳಿಸಬಹುದು. ಕಿವಿಯ ಪರೀಕ್ಷೆಯೂ ಅಷ್ಟೇ ಮುಖ್ಯ.

ಇಲ್ಲಿಯೇ ನಮ್ಮ ಗಡಿನಾಡಿನ ಮಕ್ಕಳು ಕೈತಪ್ಪಿ ಹೋಗುವುದು. ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ, ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿ. ಮನೆ ಕೇರಳದಲ್ಲಿ, ಮನೆಗೆ ಬರುವ ಜೆಪಿಎಚ್‌ಎನ್ (ಸರ್ಕಾರಿ ಕಿರಿಯ ಆರೋಗ್ಯ ದಾದಿ) ಸಿಸ್ಟರಿನ ರಿಜಿಸ್ಟರಿನಲ್ಲಿ ಈ ಮಗುವಿನ ಎನ್‌ಐಸಿಯು ವಾಸ್ತವ್ಯದ ಸುಳಿವೇ ಇಲ್ಲ. ತವರು ಪುತ್ತೂರಿನಲ್ಲಿ, ಮೂರು ತಿಂಗಳು ಅಲ್ಲಿ. ವ್ಯಾಯಾಮ ಹೇಳಿಕೊಡುವ ಕಾಗದ ಮಲಯಾಳದಲ್ಲಿ ಸಿಕ್ಕಿದರೆ ಕನ್ನಡ ಮಾತ್ರ ಓದಲು ಬರುವ ತಾಯಿ ಅದನ್ನು ಮಡಚಿ ಕಪಾಟಿನಲ್ಲಿಡುತ್ತಾಳೆ. ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಮಿದುಳು ಅತಿ ವೇಗವಾಗಿ ಕಲಿಯುವ ಎರಡು ವರ್ಷ ಹೀಗೆ ಸೋರಿಹೋಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಆರಂಭಿಕ ಆರೈಕೆಯ ಕೇಂದ್ರಗಳಿವೆ, ಡಿಇಐಸಿ ಎಂದು ಕೇಳಿದರೆ ಹೇಳುತ್ತಾರೆ. ಫಿಸಿಯೋಥೆರಪಿ, ಮಾತಿನ ತರಬೇತಿ ಅಲ್ಲಿ ಸಿಗುತ್ತದೆ. ಅಲ್ಲಿ ಕನ್ನಡದಲ್ಲಿ ವಿವರಿಸಿ ಎಂದು ಕೇಳುವುದು ನಿಮ್ಮ ಹಕ್ಕು, ಸಂಕೋಚಪಡಬೇಡಿ. ಹುಟ್ಟಿದ ವಾರ, ಹುಟ್ಟುತೂಕ, ತಲೆಯ ಸ್ಕ್ಯಾನಿನ ಫಲಿತಾಂಶ, ಕಣ್ಣು ಕಿವಿಯ ಪರೀಕ್ಷೆಯ ದಿನ, ಇಷ್ಟನ್ನು ತಾಯಿಕಾರ್ಡಿನ ಹಿಂದೆ ಡಾಕ್ಟರಿಂದಲೇ ಬರೆಸಿಕೊಳ್ಳಿ.

ಮುಂದೆ ಏನಾಗುತ್ತದೆ ಎಂಬ ಭಯ ಎಲ್ಲ ಮನೆಯಲ್ಲೂ ಇರುತ್ತದೆ. 32 ವಾರಕ್ಕೆ ಮೊದಲು ಹುಟ್ಟಿದ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ ಬರಬಹುದು. ಹೆಚ್ಚಿನವರು ನಡೆಯುತ್ತಾರೆ, ಮಾತಾಡುತ್ತಾರೆ, ಶಾಲೆಗೆ ಹೋಗುತ್ತಾರೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1995ರಲ್ಲಿ 26 ವಾರಕ್ಕೂ ಮೊದಲು ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿ ನೋಡಿದ್ದಾರೆ. ಹನ್ನೊಂದನೇ ವಯಸ್ಸಿನಲ್ಲಿ ಅವರಲ್ಲಿ ಬಹುಪಾಲು ಮಂದಿ ಸಾಮಾನ್ಯ ಶಾಲೆಯಲ್ಲೇ ಇದ್ದರು, ಆದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ಓದಿನಲ್ಲಿ ವಿಶೇಷ ನೆರವು ಬೇಕಾಗಿತ್ತು. ಲೆಕ್ಕ, ಗಮನ, ಹೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಮಾಡುವುದು, ಇವುಗಳಲ್ಲಿ ತೊಡಕು. ಶಿಕ್ಷಕಿಯರೇ, ಒಂದೇ ಉಸಿರಿಗೆ ಮೂರು ಕೆಲಸ ಹೇಳಿದರೆ ಕಿಟಕಿ ನೋಡುತ್ತ ಕೂರುವ ಮಗುವಿಗೆ ಒಂದೊಂದಾಗಿ ಹೇಳಿ ನೋಡಿ, ಮುಂದಿನ ಬೆಂಚಿನಲ್ಲಿ ಕೂರಿಸಿ. ಸೋಮಾರಿ ಎಂಬ ಹೆಸರು ಹಚ್ಚುವ ಮೊದಲು ಎಷ್ಟು ವಾರಕ್ಕೆ ಹುಟ್ಟಿದ್ದು ಎಂದು ತಾಯಿಯನ್ನು ಕೇಳಿ. ಆಗಸ್ಟಿನಲ್ಲಿ ಹುಟ್ಟಬೇಕಿದ್ದ ಮಗು ಮೇಯಲ್ಲೇ ಹುಟ್ಟಿದ್ದರೆ, ಜೂನಿನಲ್ಲಿ ಶಾಲೆಗೆ ಸೇರಿಸುವಾಗ ಒಂದು ವರ್ಷ ಕಾಯಬಹುದೇ ಎಂದು ಯೋಚಿಸಿ.

ಮಾತಿನ ಕೊನೆಗೆ ತಾಯಿಯೊಬ್ಬರು ಎದ್ದು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ಮೊದಲನೆಯದು 29 ವಾರಕ್ಕೆ ಹುಟ್ಟಿತು, ಇನ್ನೊಂದು ಮಗುವಿಗೆ ಹೆದರಿಕೆಯಾಗುತ್ತದೆ, ಅದೂ ಹೀಗೆಯೇ ಆಗುತ್ತದೆಯೇ?

ಆಗಲೇಬೇಕೆಂದಿಲ್ಲ ಅಮ್ಮ. ಆದರೆ ಒಮ್ಮೆ ಬೇಗ ಹುಟ್ಟಿದ್ದರೆ ಮತ್ತೆ ಹಾಗಾಗುವ ಸಂಭವ ಉಳಿದವರಿಗಿಂತ ಹೆಚ್ಚು. ಹಾಗಾಗಿ ಒಂದೂವರೆ ವರ್ಷದ ಅಂತರವಾದರೂ ಇರಲಿ. ರಕ್ತಹೀನತೆ ಇದ್ದರೆ ಬಸುರಾಗುವ ಮೊದಲೇ ಸರಿಪಡಿಸಿಕೊಳ್ಳಿ. ಬಸುರಾದ ಕೂಡಲೇ ಮೊದಲ ಹೆರಿಗೆಯ ಕಾಗದ ಹಿಡಿದುಕೊಂಡು ಡಾಕ್ಟರಲ್ಲಿಗೆ ಹೋಗಿ. ನಾಲ್ಕನೇ ತಿಂಗಳಿಂದ ಗರ್ಭಕೊರಳಿನ ಉದ್ದವನ್ನು ಸ್ಕ್ಯಾನಿನಲ್ಲಿ ಅಳೆಯುತ್ತಾರೆ, ಕಿರಿದಾಗಿದ್ದರೆ ಬಸಿರು ನಿಲ್ಲಿಸುವ ಪ್ರೊಜೆಸ್ಟರಾನ್ ಹಾರ್ಮೋನ್ ಕೊಡಬಹುದು, ಹೊಲಿಗೆ ಹಾಕಬಹುದು. ಎನ್‌ಐಸಿಯು ಇರುವ ಆಸ್ಪತ್ರೆ ಯಾವುದು, ರಾತ್ರಿ ಹೊರಡಬೇಕಾದರೆ ವಾಹನ ಯಾರದು ಎಂಬುದನ್ನು ಹೂ ಮುಡಿಸುವ ಮೊದಲೇ ಗೊತ್ತುಮಾಡಿಕೊಳ್ಳಿ. ಹೊಟ್ಟೆ ಗಟ್ಟಿಯಾಗಿ ಬಿಟ್ಟು ಬಿಟ್ಟು ನೋವು ಬಂದರೆ, ನೀರು ಹೋದರೆ, ಸೊಂಟನೋವು ಇರಬಹುದು ಎಂದು ಕಷಾಯ ಕುಡಿದು ಮಲಗಬೇಡಿ. ಆ ಗಂಟೆಯೇ ಹೊರಡಿ.